ಬೀದಿ ತುಂಬಿದರೂ ಕುರ್ಚಿ ಅಲುಗದ ಜಾರ್ಜಿಯಾ

ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಸಂಸತ್ ಭವನದ ಎದುರು 2024ರ ನವೆಂಬರ್ 28ರ ರಾತ್ರಿ ಜನ ಸೇರಿದರು. ಮರುದಿನ ರಾತ್ರಿಯೂ ಬಂದರು. ಜಲಫಿರಂಗಿ, ಅಶ್ರುವಾಯು, ಲಾಠಿ ಏಟುಗಳನ್ನು ಸಹಿಸಿಕೊಂಡು ಅದರ ಮರುದಿನವೂ ಬಂದರು. 2025ರ ನವೆಂಬರ್‌ನಲ್ಲಿ ವರ್ಷ ತುಂಬಿದಾಗಲೂ ಆ ಸರಣಿ ತುಂಡಾಗಿರಲಿಲ್ಲ. ಅವರು ಕೇಳುತ್ತಿರುವುದು ಎರಡನ್ನೇ: ಹೊಸದಾಗಿ ಚುನಾವಣೆ ನಡೆಸಿ, ಹೋರಾಟದಲ್ಲಿ ಬಂಧಿಸಿದವರನ್ನು ಬಿಡಿ. ಎರಡೂ ಈಡೇರಿಲ್ಲ.

ಕನ್ನಡ ಓದುಗರಿಗೆ ಈ ದೇಶದ ಹೆಸರು ಪರಿಚಯವಿರುವುದು ಹೆಚ್ಚಾಗಿ ವಿದೇಶಿ ಎಂಬಿಬಿಎಸ್ ಸೀಟಿನ ಜಾಹೀರಾತುಗಳಿಂದ. ಭಾರತದ ಸಾವಿರಾರು ವಿದ್ಯಾರ್ಥಿಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದಾರೆ. ಜನಸಂಖ್ಯೆ ಸುಮಾರು 37 ಲಕ್ಷ. ವಿಸ್ತೀರ್ಣ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಉತ್ತರಕ್ಕೆ ಕಕೇಶಸ್ ಪರ್ವತ, ಅದರಾಚೆ ರಷ್ಯಾ. ಪಶ್ಚಿಮಕ್ಕೆ ಕಪ್ಪು ಸಮುದ್ರ. ಇಷ್ಟು ಸಣ್ಣ ಗಣರಾಜ್ಯದಲ್ಲಿ ಈಗ ಎರಡು ದೊಡ್ಡ ಆರೋಪಗಳು ಎದುರುಬದುರು ನಿಂತಿವೆ. ದೇಶ ಸರ್ವಾಧಿಕಾರಕ್ಕೆ ಜಾರಿದೆ ಎಂದು ಬೀದಿಯಲ್ಲಿರುವವರು ಹೇಳುತ್ತಾರೆ. ವಿದೇಶಿ ಕುಮ್ಮಕ್ಕಿನಿಂದ ಕ್ರಾಂತಿಯ ಸಂಚು ನಡೆಯುತ್ತಿದೆ ಎಂದು ಆಳುತ್ತಿರುವ ‘ಜಾರ್ಜಿಯನ್ ಡ್ರೀಮ್’ ಪಕ್ಷ ಹೇಳುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಆರೋಪದಲ್ಲಿ ಬಹುಪಾಲು ನಿಜವಿದೆ. ಎರಡನೆಯದು ಆಳುವವರ ಕೈಯಲ್ಲಿರುವ ಆಯುಧ. ಅದನ್ನು ತೋರಿಸಿಯೇ ಒಂದರ ಹಿಂದೆ ಒಂದು ಕಾನೂನು ತರಲಾಗುತ್ತಿದೆ. ಇದು ಅರ್ಥವಾಗಬೇಕಾದರೆ ಆ ದೇಶದಲ್ಲಿ ಹಿಂದೆ ನಡೆದ ದಂಗೆಗಳ ಕಥೆ ಗೊತ್ತಿರಬೇಕು.

ಆಳುವವರು ಬದಲಾದರು, ನ್ಯಾಯಾಲಯ ಬದಲಾಗಲಿಲ್ಲ

1989ರ ಏಪ್ರಿಲ್ 9ರಂದು ಟಿಬಿಲಿಸಿಯ ರುಸ್ತಾವೇಲಿ ರಸ್ತೆಯಲ್ಲಿ ಸ್ವಾತಂತ್ರ್ಯ ಕೇಳುತ್ತಿದ್ದ ಜನರ ಮೇಲೆ ಸೋವಿಯತ್ ಸೈನಿಕರು ಮುಗಿಬಿದ್ದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುತೇಕರು ಹೆಂಗಸರು. ಎರಡು ವರ್ಷದ ಬಳಿಕ ಅದೇ ದಿನಾಂಕದಂದು ಜಾರ್ಜಿಯಾ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಸೋವಿಯತ್ ಕಾಲದಲ್ಲಿ ಜೈಲು ಕಂಡಿದ್ದ ಸಾಹಿತಿ ಜ್ವಿಯಾದ್ ಗಮ್ಸಖುರ್ದಿಯಾ 1991ರ ಮೇ ತಿಂಗಳಲ್ಲಿ ಶೇ 80ಕ್ಕೂ ಹೆಚ್ಚು ಮತ ಪಡೆದು ಮೊದಲ ಅಧ್ಯಕ್ಷರಾದರು. ಕೆಲವೇ ತಿಂಗಳಲ್ಲಿ ಅವರನ್ನೇ ಸರ್ವಾಧಿಕಾರಿ ಎನ್ನಲಾಯಿತು. ರಾಷ್ಟ್ರೀಯ ಪಡೆ ಎರಡು ಹೋಳಾಯಿತು. ಡಿಸೆಂಬರ್ ಕೊನೆಗೆ ರುಸ್ತಾವೇಲಿಯಲ್ಲಿ ಫಿರಂಗಿಗಳು ಸಿಡಿದವು. 1992ರ ಜನವರಿಯಲ್ಲಿ ಅಧ್ಯಕ್ಷರು ದೇಶ ಬಿಟ್ಟು ಓಡಿದರು. ಅದರ ಬೆನ್ನಿಗೆ ಬಂದದ್ದು ಅಂತರ್ಯುದ್ಧ.

ಸೋವಿಯತ್ ಒಕ್ಕೂಟದ ವಿದೇಶಾಂಗ ಸಚಿವರಾಗಿದ್ದ ಎಡ್ವರ್ಡ್ ಶೆವರ್ಡ್‌ನಾಡ್ಜೆ ಅವರನ್ನು ಕರೆತಂದು ಕೂರಿಸಲಾಯಿತು. 2003ರ ನವೆಂಬರ್ ಚುನಾವಣೆಯಲ್ಲಿ ಅಕ್ರಮ ನಡೆದಾಗ ಮಿಖೈಲ್ ಸಾಕಾಷ್ವಿಲಿ ಎಂಬ ಯುವ ವಕೀಲ ಬೆಂಬಲಿಗರೊಂದಿಗೆ ಗುಲಾಬಿ ಹಿಡಿದು ಸಂಸತ್ತಿಗೆ ನುಗ್ಗಿದರು. ಭಾಷಣ ಮಾಡುತ್ತಿದ್ದ ಅಧ್ಯಕ್ಷರನ್ನು ಅಂಗರಕ್ಷಕರು ಹಿಂಬಾಗಿಲಿನಿಂದ ಕರೆದೊಯ್ದರು. ಮರುದಿನ ರಾಜೀನಾಮೆ ಬಂತು. ಒಂದು ಗುಂಡೂ ಹಾರಲಿಲ್ಲ. ಮುಂದೆ ಅಧ್ಯಕ್ಷರಾದ ಸಾಕಾಷ್ವಿಲಿ ಲಂಚಕೋರ ಸಂಚಾರ ಪೊಲೀಸರನ್ನು ಒಂದೇ ಸಲಕ್ಕೆ ಮನೆಗೆ ಕಳಿಸಿ ಹೊಸ ಪಡೆ ಕಟ್ಟಿದ್ದನ್ನು ಜಗತ್ತು ಕೊಂಡಾಡಿತು. ಅದು ಕೊಂಡಾಡಬೇಕಾದ ಕೆಲಸವೇ ಆಗಿತ್ತು. ಆದರೆ ಅದೇ ಸಾಕಾಷ್ವಿಲಿ 2007ರ ನವೆಂಬರ್‌ನಲ್ಲಿ ಪ್ರತಿಭಟನೆಯನ್ನು ಲಾಠಿಯಿಂದ ಚದುರಿಸಿದರು, ವಿರೋಧಿ ವಾಹಿನಿಯ ಕಚೇರಿಗೆ ಪೊಲೀಸರನ್ನು ನುಗ್ಗಿಸಿದರು. ಅವರ ಕಾಲದ ನ್ಯಾಯಾಲಯಗಳಲ್ಲಿ ಖುಲಾಸೆ ಎಂಬುದು ಅಪರೂಪವಾಗಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಜೈಲಿನಲ್ಲಿ ಕೈದಿಗಳಿಗೆ ಕೊಡುತ್ತಿದ್ದ ಚಿತ್ರಹಿಂಸೆಯ ವಿಡಿಯೊ ಹೊರಬಿತ್ತು. ಎರಡೇ ವಾರದಲ್ಲಿ ಅವರ ಪಕ್ಷ ಚುನಾವಣೆಯಲ್ಲಿ ಸೋತಿತು.

ಸೋತವರು ಸೋಲು ಒಪ್ಪಿಕೊಂಡರು, ಗೆದ್ದವರು ಅಧಿಕಾರ ವಹಿಸಿಕೊಂಡರು. ಸ್ವತಂತ್ರ ಜಾರ್ಜಿಯಾದಲ್ಲಿ ಮತಪೆಟ್ಟಿಗೆಯ ಮೂಲಕ ಅಧಿಕಾರ ಕೈಬದಲಾದದ್ದು ಅದೇ ಮೊದಲು. ಅಂದು ಗೆದ್ದ ಪಕ್ಷ ಜಾರ್ಜಿಯನ್ ಡ್ರೀಮ್. ಇಂದು ಸರ್ವಾಧಿಕಾರದ ಆರೋಪ ಹೊತ್ತಿರುವುದೂ ಅದೇ.

ಪ್ರತಿ ಸಲವೂ ಆಳುವವನನ್ನು ಓಡಿಸುವುದರಲ್ಲಿ ಜನ ಗೆದ್ದಿದ್ದಾರೆ. ಆದರೆ ಓಡಿದವನ ನ್ಯಾಯಾಧೀಶರು, ಪ್ರಾಸಿಕ್ಯೂಟರ್‌ಗಳು, ಗೂಢಚಾರ ಇಲಾಖೆ ಇಡಿಯಾಗಿ ಮುಂದಿನವನ ಕೈಸೇರಿವೆ. ಸಾಕಾಷ್ವಿಲಿ ಕಾಲದಲ್ಲಿ ಪ್ರಭಾವಿಗಳಾಗಿದ್ದ ಕೆಲವು ನ್ಯಾಯಾಧೀಶರು ಹೊಸ ಸರ್ಕಾರದಲ್ಲೂ ಅಷ್ಟೇ ಪ್ರಭಾವಿಗಳಾಗಿ ಉಳಿದರು. 2023ರ ಏಪ್ರಿಲ್‌ನಲ್ಲಿ ಅಮೆರಿಕ ಭ್ರಷ್ಟಾಚಾರದ ಆರೋಪದ ಮೇಲೆ ನಾಲ್ವರು ನ್ಯಾಯಾಧೀಶರಿಗೆ ವೀಸಾ ನಿರ್ಬಂಧ ಹೇರಿದಾಗ ಸರ್ಕಾರ ಅವರ ಬೆನ್ನಿಗೆ ನಿಂತಿತು. ಮೂವತ್ತು ವರ್ಷಗಳ ಹೋರಾಟದಲ್ಲಿ ಅತ್ಯಂತ ದುಬಾರಿಯಾದ ಲೋಪ ಇದು ಎಂದು ನನಗೆ ಅನ್ನಿಸುತ್ತದೆ. ಮುಂದೆ ನಡೆದದ್ದಕ್ಕೆಲ್ಲ ದಾರಿಯಾದದ್ದು ಇದೇ.

ಪದವಿ ಇಲ್ಲದ ದೊರೆ

ಜಾರ್ಜಿಯನ್ ಡ್ರೀಮ್ ಕಟ್ಟಿದವರು ಬಿದ್ಜಿನಾ ಇವಾನಿಷ್ವಿಲಿ. ಚೋರ್ವಿಲಾ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿ, 1990ರ ದಶಕದ ರಷ್ಯಾದಲ್ಲಿ ಬ್ಯಾಂಕ್ ಮತ್ತು ಲೋಹದ ವ್ಯವಹಾರಗಳಿಂದ ಶತಕೋಟ್ಯಧಿಪತಿಯಾದವರು. 2012ರಿಂದ 2013ರವರೆಗೆ ಒಂದು ವರ್ಷದಷ್ಟು ಕಾಲ ಪ್ರಧಾನಿಯಾಗಿದ್ದದ್ದು ಬಿಟ್ಟರೆ ಸರ್ಕಾರದಲ್ಲಿ ಅವರಿಗೆ ಹುದ್ದೆಯಿಲ್ಲ. 2023ರ ಡಿಸೆಂಬರ್‌ನಿಂದ ಅವರು ಪಕ್ಷದ ಗೌರವ ಅಧ್ಯಕ್ಷರು. ಪ್ರಧಾನಿ ಅಭ್ಯರ್ಥಿಯನ್ನು ಸೂಚಿಸುವ ಅಧಿಕಾರ ಮಾತ್ರ ಆ ‘ಗೌರವ’ ಹುದ್ದೆಗೇ ಇದೆ.

ಟಿಬಿಲಿಸಿಯ ಮೇಲಿನ ಗುಡ್ಡದಲ್ಲಿ ಗಾಜು-ಉಕ್ಕಿನ ಅವರ ಮನೆ ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣಿಸುವಂತಿದೆ. ನೂರು ವರ್ಷ ದಾಟಿದ ಮರಗಳೆಂದರೆ ಅವರಿಗೆ ಮೋಹ. ದೇಶದ ಬೇರೆ ಬೇರೆ ಕಡೆ ಬೆಳೆದ ಹಳೆಯ ಮರಗಳನ್ನು ಬೇರುಸಹಿತ ಕೀಳಿಸಿ, ದಾರಿಗೆ ಅಡ್ಡ ಬಂದ ತಂತಿಗಳನ್ನು ಸರಿಸಿ, ಲಾರಿಗಳಲ್ಲಿ ಸಾಗಿಸಿ ಕಪ್ಪು ಸಮುದ್ರ ತೀರದ ಶೆಕ್ವೆತಿಲಿ ಎಂಬ ಊರಿನ ತಮ್ಮ ಉದ್ಯಾನದಲ್ಲಿ ನೆಡಿಸಿದರು. 2016ರಲ್ಲಿ ಒಂದು ದೈತ್ಯ ಮರ ನೆಟ್ಟಗೆ ನಿಂತ ಭಂಗಿಯಲ್ಲೇ ದೋಣಿಯ ಮೇಲೆ ಕಪ್ಪು ಸಮುದ್ರದಲ್ಲಿ ತೇಲಿಹೋದ ಚಿತ್ರವನ್ನು ಜಗತ್ತೇ ನೋಡಿತು. ಚುನಾಯಿತ ಹುದ್ದೆ ಇಲ್ಲದ ಒಬ್ಬ ವ್ಯಕ್ತಿಯ ಮಾತು ಎಷ್ಟು ದೂರ ನಡೆಯುತ್ತದೆ ಎಂಬುದನ್ನು ಆ ಚಿತ್ರ ಚೆನ್ನಾಗಿ ಹೇಳುತ್ತದೆ.

ಅವರ ಅಂಗರಕ್ಷಕ ದಳದ ಮುಖ್ಯಸ್ಥರಾಗಿದ್ದ ವಖ್ತಾಂಗ್ ಗೊಮೆಲೌರಿ ಮುಂದೆ ಗೃಹ ಸಚಿವರಾದರು. ಅವರ ಸಂಸ್ಥೆಗಳಲ್ಲಿ ದುಡಿದಿದ್ದ ಇರಾಕ್ಲಿ ಗರಿಬಾಷ್ವಿಲಿ ಎರಡು ಸಲ ಪ್ರಧಾನಿಯಾದರು. 2025ರ ಅಕ್ಟೋಬರ್‌ನಲ್ಲಿ ಅದೇ ಗರಿಬಾಷ್ವಿಲಿಯ ಮನೆ ಶೋಧವಾಯಿತು, ಅಕ್ರಮ ಸಂಪಾದನೆಯ ಆರೋಪ ಹೊರಿಸಲಾಯಿತು. ಏರಿಸುವ ಕೈಯೇ ಇಳಿಸುವುದನ್ನೂ ಬಲ್ಲದು ಎಂಬುದು ಆಡಳಿತದಲ್ಲಿರುವ ಪ್ರತಿಯೊಬ್ಬರಿಗೂ ಅಂದು ಮನವರಿಕೆಯಾಗಿರಬೇಕು.

ಕಾನೂನಿನ ಮೇಲೆ ಕಾನೂನು

ಸೈನ್ಯ ಬೀದಿಗಿಳಿಸಿ, ಸಂವಿಧಾನವನ್ನು ಅಮಾನತಿನಲ್ಲಿಟ್ಟು ನಡೆಸುವ ಸರ್ವಾಧಿಕಾರ ಇಲ್ಲಿ ಕಾಣುವುದಿಲ್ಲ. ಸಂಸತ್ತು ಸೇರುತ್ತದೆ, ಮಸೂದೆ ಮಂಡನೆಯಾಗುತ್ತದೆ, ಮೂರು ವಾಚನ ಮುಗಿಯುತ್ತದೆ. ಹೀಗೆ ಎಲ್ಲವೂ ಕ್ರಮಪ್ರಕಾರ.

2023ರ ಮಾರ್ಚ್‌ನಲ್ಲಿ ಆಳುವ ಪಕ್ಷದ ಬೆಂಬಲದಿಂದ ‘ವಿದೇಶಿ ಏಜೆಂಟ್’ ಮಸೂದೆ ಸಂಸತ್ತಿನ ಮುಂದೆ ಬಂತು. ಆದಾಯದ ಶೇ 20ಕ್ಕಿಂತ ಹೆಚ್ಚು ಭಾಗ ಹೊರದೇಶದಿಂದ ಬರುವ ಸಂಘಟನೆ ಮತ್ತು ಮಾಧ್ಯಮ ಸಂಸ್ಥೆಗಳು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು ಎಂಬುದು ಅದರ ಸಾರ. ಜನ ಸಿಡಿದೆದ್ದರು, ಮಸೂದೆ ವಾಪಸಾಯಿತು. ಒಂದು ವರ್ಷ ಕಳೆದು ಹೆಸರಷ್ಟೇ ಬದಲಿಸಿಕೊಂಡು ಅದೇ ಮಸೂದೆ ಮತ್ತೆ ಬಂತು. ಲಕ್ಷಗಟ್ಟಲೆ ಜನ ರಸ್ತೆಗಿಳಿದರೂ 2024ರ ಮೇ 14ರಂದು ಅಂಗೀಕಾರವಾಯಿತು. ಅಧ್ಯಕ್ಷೆ ಸಲೋಮೆ ಜುರಾಬಿಷ್ವಿಲಿ ಅದನ್ನು ತಡೆಹಿಡಿದರು. ಮೇ 28ರಂದು ಸಂಸತ್ತು ಆ ತಡೆಯನ್ನು ತಳ್ಳಿಹಾಕಿತು.

ಪಾರದರ್ಶಕತೆ ಕೇಳುವುದು ತಪ್ಪೇ ಎಂಬ ಪ್ರಶ್ನೆ ಏಳಬಹುದು. ನಮ್ಮಲ್ಲೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಇದೆ, ಅದರ ಬಳಕೆಯ ಬಗ್ಗೆ ನಮ್ಮಲ್ಲೂ ತಕರಾರುಗಳಿವೆ. ಜಾರ್ಜಿಯಾದಲ್ಲಿ ಚುನಾವಣಾ ಅಕ್ರಮವನ್ನು ಎಣಿಸುವವರು, ಜೈಲಿನಲ್ಲಿ ಹೊಡೆತ ತಿಂದವರಿಗೆ ವಕೀಲರನ್ನು ಕೊಡಿಸುವವರು, ಜಿಲ್ಲಾ ಪಟ್ಟಣದಲ್ಲಿ ಸಣ್ಣ ಪತ್ರಿಕೆ ನಡೆಸುವವರು ಬಹುತೇಕ ಯುರೋಪ್ ಮತ್ತು ಅಮೆರಿಕದ ನೆರವಿನಲ್ಲೇ ಬದುಕಿದವರು. ಅಷ್ಟು ಚಿಕ್ಕ ಮಾರುಕಟ್ಟೆಯಲ್ಲಿ ಅವರಿಗೆ ಬೇರೆ ಆದಾಯ ಹುಟ್ಟುವುದು ಕಷ್ಟ. 2025ರಲ್ಲಿ ಬಂದ ಇನ್ನೊಂದು ತಿದ್ದುಪಡಿ ಪ್ರತಿ ವಿದೇಶಿ ಅನುದಾನಕ್ಕೂ ಸರ್ಕಾರದ ಒಪ್ಪಿಗೆಯನ್ನೇ ಕಡ್ಡಾಯ ಮಾಡಿತು. ಅಲ್ಲಿಗೆ ಪಾರದರ್ಶಕತೆಯ ವಾದ ತಾನಾಗಿ ಬಿದ್ದುಹೋಯಿತು.

2024ರ ಅಕ್ಟೋಬರ್ 26ರ ಚುನಾವಣೆಯಲ್ಲಿ ಜಾರ್ಜಿಯನ್ ಡ್ರೀಮ್ ಶೇ 54ರಷ್ಟು ಮತ, 150ರಲ್ಲಿ 89 ಸ್ಥಾನ ಪಡೆಯಿತು ಎಂದು ಆಯೋಗ ಘೋಷಿಸಿತು. ಪಕ್ಷಕ್ಕೆ ಬೆಂಬಲವೇ ಇಲ್ಲ ಎನ್ನುವುದು ಸುಳ್ಳು. ರಾಜಧಾನಿ ಬಿಟ್ಟು ಹಳ್ಳಿಗಾಡಿಗೆ ಹೋದರೆ ಅದಕ್ಕೆ ನಿಜವಾದ ನೆಲೆಯಿದೆ. ಆದರೆ ಮತಗಟ್ಟೆಯಲ್ಲಿ ನಡೆದ ಒಂದು ಸಂಗತಿ ನೋಡಿ. ಆ ಸಲ ಮತಪತ್ರವನ್ನು ಓದುವ ಎಲೆಕ್ಟ್ರಾನಿಕ್ ಯಂತ್ರ ಬಂದಿತ್ತು. ಮತದಾರ ಮಾರ್ಕರ್ ಪೆನ್ನಿನಿಂದ ತನ್ನ ಆಯ್ಕೆಯ ಎದುರಿನ ವೃತ್ತ ತುಂಬಿ, ಕಾಗದವನ್ನು ಯಂತ್ರಕ್ಕೆ ತೂರಿಸಬೇಕು. ಕಾಗದ ತೆಳುವಾಗಿತ್ತು, ಶಾಯಿ ಹಿಂಬದಿಗೆ ಸೋರಿತು. ಯಂತ್ರದ ಬಳಿ ನಿಂತವರಿಗೆ ಯಾರು ಯಾರಿಗೆ ಮತ ಹಾಕಿದರು ಎಂಬುದು ಕಾಣುವಂತಿತ್ತು. ಸರ್ಕಾರಿ ಸಂಬಳದಲ್ಲಿರುವ ಹಳ್ಳಿಯ ಶಿಕ್ಷಕಿಯೊಬ್ಬಳಿಗೆ ಅಷ್ಟು ಸಾಕು, ಬೇರೆ ಬೆದರಿಕೆ ಬೇಕಿಲ್ಲ. ತೆತ್ರಿತ್ಸ್‌ಕಾರೊ ಎಂಬ ಊರಿನ ನ್ಯಾಯಾಧೀಶರೊಬ್ಬರು ಇದರಿಂದ ಮತದ ಗೋಪ್ಯತೆಗೆ ಭಂಗ ಬಂದಿದೆ ಎಂದು ತೀರ್ಪು ಕೊಟ್ಟೇಬಿಟ್ಟರು. ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮೂವತ್ತು ವರ್ಷ ಯಾರೂ ಸುಧಾರಿಸದ ನ್ಯಾಯಾಂಗದ ಬೆಲೆ ಏನೆಂಬುದು ಗೊತ್ತಾಗುವುದು ಇಂಥ ಕಡೆ.

ನವೆಂಬರ್ 28ರಂದು ಪ್ರಧಾನಿ ಇರಾಕ್ಲಿ ಕೊಬಾಖಿದ್ಜೆ ಯುರೋಪಿಯನ್ ಒಕ್ಕೂಟ ಸೇರುವ ಮಾತುಕತೆಯನ್ನು 2028ರ ಕೊನೆಯವರೆಗೆ ಕಾರ್ಯಸೂಚಿಗೇ ತರುವುದಿಲ್ಲ ಎಂದರು. ಹಿಂದಿನ ಡಿಸೆಂಬರ್‌ನಲ್ಲಷ್ಟೇ ದೇಶಕ್ಕೆ ಅಭ್ಯರ್ಥಿ ಸ್ಥಾನ ಸಿಕ್ಕಿತ್ತು. ಯುರೋಪಿನತ್ತ ಸಾಗಲು ಸರ್ಕಾರಿ ಸಂಸ್ಥೆಗಳು ಎಲ್ಲ ಕ್ರಮ ಕೈಗೊಳ್ಳಬೇಕು ಎಂದು ಸಂವಿಧಾನದ 78ನೇ ವಿಧಿಯೇ ಹೇಳುತ್ತದೆ. ಆ ವಿಧಿಯನ್ನು ಬರೆದದ್ದು ಇದೇ ಪಕ್ಷದ ಆಡಳಿತ. ಜನ ಆ ರಾತ್ರಿಯೇ ಬೀದಿಗೆ ಬಂದರು. ಮೊದಲ ಕೆಲವು ವಾರಗಳಲ್ಲಿ ನಾನ್ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಬಂಧಿತರಲ್ಲಿ ಬಹುಪಾಲು ಜನ ತಮ್ಮನ್ನು ಹೊಡೆದರು ಎಂದು ಹೇಳಿಕೊಂಡಿದ್ದನ್ನು ಸರ್ಕಾರದ್ದೇ ಮಾನವ ಹಕ್ಕು ಅಧಿಕಾರಿ ದಾಖಲಿಸಿದರು. ಹೊಡೆದ ಪೊಲೀಸರ ಮೇಲೆ ಮೊಕದ್ದಮೆ ನಡೆಯಲಿಲ್ಲ.

ಡಿಸೆಂಬರ್ 14ರಂದು 300 ಸದಸ್ಯರ ಚುನಾವಣಾ ಮಂಡಳಿ ಹೊಸ ಅಧ್ಯಕ್ಷರನ್ನು ಆರಿಸಿತು. ಕಣದಲ್ಲಿದ್ದದ್ದು ಒಂದೇ ಹೆಸರು: ಮ್ಯಾಂಚೆಸ್ಟರ್ ಸಿಟಿಗೆ ಆಡಿದ್ದ ಮಾಜಿ ಫುಟ್‌ಬಾಲ್ ಆಟಗಾರ ಮಿಖೈಲ್ ಕವೆಲಾಷ್ವಿಲಿ. ಆಮೇಲೆ ಕಾನೂನುಗಳು ಸಾಲುಗಟ್ಟಿ ಬಂದವು. ರಸ್ತೆ ತಡೆದರೆ ಇದ್ದ 500 ಲಾರಿ (ಲಾರಿ ಎಂಬುದು ಜಾರ್ಜಿಯಾದ ಹಣದ ಹೆಸರು) ದಂಡ 5,000 ಲಾರಿಯಾಯಿತು. ಅಲ್ಲಿನ ಸರಾಸರಿ ನೌಕರನಿಗೆ ಅದು ಎರಡು ತಿಂಗಳ ಸಂಬಳಕ್ಕೂ ಹೆಚ್ಚು. ಮುಖ ಮುಚ್ಚಿಕೊಳ್ಳುವುದಕ್ಕೆ ನಿಷೇಧ ಬಂತು. ರುಸ್ತಾವೇಲಿಯ ಕ್ಯಾಮೆರಾಗಳು ಮುಖ ಗುರುತಿಸಿ ದಂಡದ ಚೀಟಿಯನ್ನು ಮನೆಗೇ ಕಳಿಸತೊಡಗಿದವು. 2025ರ ಅಕ್ಟೋಬರ್‌ನಲ್ಲಿ ದಂಡ ಹೋಗಿ ನೇರ ಸೆರೆ ಬಂತು: ರಸ್ತೆ ತಡೆದರೆ 15 ದಿನದವರೆಗೆ ಬಂಧನ, ಮತ್ತೆ ಅದೇ ತಪ್ಪು ಮಾಡಿದರೆ ಕ್ರಿಮಿನಲ್ ಮೊಕದ್ದಮೆ.

ಒಂದು ಸ್ಟಿಕ್ಕರ್, ಎರಡು ವರ್ಷ ಜೈಲು

ಬತುಮಿ ಎಂಬ ಬಂದರು ನಗರದಲ್ಲಿ ಮ್ಜಿಯಾ ಅಮಾಗ್ಲೊಬೆಲಿ ಎರಡು ಸುದ್ದಿತಾಣಗಳನ್ನು ಕಟ್ಟಿ ನಡೆಸಿದ ಪತ್ರಕರ್ತೆ. 2025ರ ಜನವರಿಯಲ್ಲಿ ದೇಶವ್ಯಾಪಿ ಮುಷ್ಕರಕ್ಕೆ ಕರೆ ಕೊಡುವ ಸ್ಟಿಕ್ಕರ್ ಒಂದನ್ನು ಪೊಲೀಸ್ ಕಟ್ಟಡಕ್ಕೆ ಅಂಟಿಸಿದರೆಂದು ಅವರನ್ನು ಹಿಡಿದರು. ಬಿಡುಗಡೆಯಾಗಿ ಹೊರಬಂದಾಗ ನಡೆದ ನೂಕುನುಗ್ಗಲಿನಲ್ಲಿ, ವಾಗ್ವಾದದ ನಡುವೆ ಅವರು ನಗರದ ಪೊಲೀಸ್ ಮುಖ್ಯಸ್ಥರ ಕೆನ್ನೆಗೆ ಹೊಡೆದರು. ಅದು ತಪ್ಪೇ, ದಂಡ ವಿಧಿಸಬಹುದಾಗಿತ್ತು. ಆದರೆ ನಾಲ್ಕರಿಂದ ಏಳು ವರ್ಷ ಶಿಕ್ಷೆಗೆ ಅವಕಾಶವಿರುವ ಕಲಮಿನಡಿ ಮೊಕದ್ದಮೆ ಹೂಡಿದರು. ಅವರು ಜೈಲಿನಲ್ಲಿ 38 ದಿನ ಉಪವಾಸ ಕೂತರು. ಮೊದಲೇ ಮಂದವಾಗಿದ್ದ ಕಣ್ಣು ಸೆರೆಯಲ್ಲಿ ಇನ್ನಷ್ಟು ಕೆಟ್ಟಿತು. ಆಗಸ್ಟ್ 6ರಂದು ಎರಡು ವರ್ಷ ಜೈಲು ಶಿಕ್ಷೆಯಾಯಿತು. ಅದೇ ವರ್ಷ ಯುರೋಪಿಯನ್ ಸಂಸತ್ತಿನ ಸಖಾರೊವ್ ಪ್ರಶಸ್ತಿ ಅವರಿಗೆ ಬಂತು. ಅದೇ ಕಾಲದಲ್ಲಿ ಪ್ರತಿಭಟನಕಾರರ ಮೂಳೆ ಮುರಿದ ಪೊಲೀಸರು ಕೆಲಸದಲ್ಲೇ ಇದ್ದರು. ಒಂದು ಕೆನ್ನೆಯೇಟಿಗೂ ನೂರಾರು ಲಾಠಿಯೇಟಿಗೂ ಒಂದೇ ನ್ಯಾಯಾಲಯ ಹಾಕಿದ ಈ ತೂಕವನ್ನು ನೋಡಿದ ಮೇಲೆ ಸರ್ವಾಧಿಕಾರದ ಆರೋಪ ಉತ್ಪ್ರೇಕ್ಷೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಕ್ರಾಂತಿ ಎಲ್ಲಿದೆ?

2003ರಲ್ಲಿ ಶೆವರ್ಡ್‌ನಾಡ್ಜೆ ಬಿದ್ದದ್ದು ಗುಲಾಬಿಯಿಂದಲ್ಲ. ಅವರ ಖಜಾನೆ ಬರಿದಾಗಿತ್ತು, ಪಿಂಚಣಿ ತಿಂಗಳುಗಟ್ಟಲೆ ಬಾಕಿ ಇತ್ತು, ಪೊಲೀಸರು ಸಂಬಳಕ್ಕಿಂತ ಲಂಚವನ್ನೇ ನಂಬಿದ್ದರು. ಅಂಥ ಸರ್ಕಾರಕ್ಕಾಗಿ ಗುಂಡು ಹಾರಿಸಲು ಯಾರೂ ಸಿದ್ಧರಿರಲಿಲ್ಲ. ಅವರದೇ ಪಕ್ಷದಿಂದ ಹೊರಬಂದವರೇ ವಿರೋಧದ ಮುಂಚೂಣಿಯಲ್ಲಿದ್ದರು. ಈಗ ಹಾಗಿಲ್ಲ. ಉಕ್ರೇನ್ ಯುದ್ಧದ ಬಳಿಕ ರಷ್ಯಾದಿಂದ ಬಂದ ಜನ ಮತ್ತು ಹಣ, ಹಾದುಹೋಗುವ ಸರಕು ಸೇರಿ ಆರ್ಥಿಕತೆ ಉಬ್ಬಿದೆ. 2024ರಲ್ಲಿ ಬೆಳವಣಿಗೆ ಶೇ 9 ದಾಟಿತು. ಪೊಲೀಸರಿಗೆ ಸಂಬಳ ಸರಿಯಾಗಿ ಬರುತ್ತಿದೆ. ಕೆಲವು ರಾಯಭಾರಿಗಳು ರಾಜೀನಾಮೆ ಕೊಟ್ಟರು, ಸರ್ಕಾರಿ ನೌಕರರು ಬಹಿರಂಗ ಪತ್ರಗಳಿಗೆ ಸಹಿ ಹಾಕಿದರು. ನೌಕರರನ್ನು ಸುಲಭವಾಗಿ ತೆಗೆದುಹಾಕುವಂತೆ ಕಾನೂನು ತಿದ್ದಿದ ಮೇಲೆ ಆ ಸಹಿಗಳೂ ನಿಂತುಹೋದವು.

ಇನ್ನು ಯುದ್ಧದ ಭಯ. 2008ರ ಆಗಸ್ಟ್‌ನಲ್ಲಿ ಐದು ದಿನದ ಯುದ್ಧದಲ್ಲಿ ರಷ್ಯಾದ ಟ್ಯಾಂಕುಗಳು ಟಿಬಿಲಿಸಿಯ ಹತ್ತಿರದವರೆಗೆ ಬಂದಿದ್ದವು. ಅಬ್ಖಾಜಿಯಾ ಮತ್ತು ದಕ್ಷಿಣ ಒಸೆಟಿಯಾ ಸೇರಿ ದೇಶದ ಐದನೇ ಒಂದು ಭಾಗ ಇಂದಿಗೂ ರಷ್ಯಾದ ಹಿಡಿತದಲ್ಲಿದೆ. 2024ರ ಚುನಾವಣೆಗೆ ಆಳುವ ಪಕ್ಷ ಹಾಕಿಸಿದ ಫಲಕಗಳಲ್ಲಿ ಒಂದು ಬದಿ ಬಾಂಬಿಗೆ ಉರುಳಿದ ಉಕ್ರೇನಿನ ಕಟ್ಟಡಗಳು, ಇನ್ನೊಂದು ಬದಿ ಜಾರ್ಜಿಯಾದ ಹೊಸ ಕಟ್ಟಡಗಳು. ಯುದ್ಧ ಬೇಡ ಎಂದು ಮತ ಹಾಕಿದ ತಾಯಂದಿರನ್ನು ಮೂರ್ಖರು ಎನ್ನುವುದು ನಗರದ ಸುಶಿಕ್ಷಿತರ ದುರಹಂಕಾರ. ಅವರ ಭಯ ನಿಜವಾದದ್ದು. ಅದನ್ನು ಮತವಾಗಿ ಪರಿವರ್ತಿಸಿಕೊಳ್ಳುವ ಕಲೆ ಆಳುವ ಪಕ್ಷಕ್ಕೆ ಸಿದ್ಧಿಸಿದೆ.

ವಿರೋಧ ಪಕ್ಷಗಳ ಸ್ಥಿತಿಯೂ ದುರ್ಬಲ. ಅವುಗಳಲ್ಲಿ ಹಳೆಯದು ಸಾಕಾಷ್ವಿಲಿಯ ಪಕ್ಷ. ಜೈಲಿನ ಆ ವಿಡಿಯೊಗಳನ್ನು ಜನ ಮರೆತಿಲ್ಲ. ಸಾಕಾಷ್ವಿಲಿ 2021ರಲ್ಲಿ ದೇಶಕ್ಕೆ ಮರಳಿ ಸೆರೆಯಾದವರು ಇನ್ನೂ ಬಂಧನದಲ್ಲಿದ್ದಾರೆ. 2025ರ ಮಧ್ಯದಲ್ಲಿ ಸಂಸತ್ತಿನ ವಿಚಾರಣಾ ಆಯೋಗದ ಮುಂದೆ ಹಾಜರಾಗಲು ಒಪ್ಪದ ಉಳಿದ ನಾಯಕರನ್ನೂ ಒಬ್ಬೊಬ್ಬರಾಗಿ ಜೈಲಿಗೆ ಹಾಕಲಾಯಿತು. ಹೊರಗಿನ ಒತ್ತಡವೂ ಇಳಿದಿದೆ. 2024ರ ಡಿಸೆಂಬರ್‌ನಲ್ಲಿ ಇವಾನಿಷ್ವಿಲಿ ಮೇಲೆ ನಿರ್ಬಂಧ ಹೇರಿದ ಅಮೆರಿಕ ಮರುವರ್ಷ ಆಸಕ್ತಿಯನ್ನೇ ಕಳೆದುಕೊಂಡಿತು. ಯುರೋಪಿಯನ್ ಒಕ್ಕೂಟ ನಿರ್ಬಂಧ ಹಾಕಬೇಕಾದರೆ ಎಲ್ಲ ದೇಶಗಳ ಒಮ್ಮತ ಬೇಕು. 2024ರ ಚುನಾವಣೆ ಮುಗಿದ ಎರಡೇ ದಿನಕ್ಕೆ ಟಿಬಿಲಿಸಿಗೆ ಬಂದು ಅಭಿನಂದಿಸಿದ, ಆಗ ಹಂಗೆರಿಯ ಪ್ರಧಾನಿಯಾಗಿದ್ದ ವಿಕ್ಟರ್ ಒರ್ಬಾನ್ ಅದಕ್ಕೆ ಅಡ್ಡ ನಿಂತರು.

ಇಂಥ ಹೊತ್ತಿನಲ್ಲಿ 2025ರ ಅಕ್ಟೋಬರ್ 4 ಬಂತು. ಅಂದು ಸ್ಥಳೀಯ ಸಂಸ್ಥೆಗಳ ಚುನಾವಣೆ. ಹಲವು ವಿರೋಧ ಪಕ್ಷಗಳು ಬಹಿಷ್ಕರಿಸಿದ್ದವು. ಒಪೆರಾ ಗಾಯಕ ಪಾತಾ ಬುರ್ಚುಲಾದ್ಜೆ ಮತ್ತಿತರರು ಅದನ್ನು ಸರ್ಕಾರ ಉರುಳಿಸುವ ಶಾಂತಿಯುತ ಕ್ರಾಂತಿಯ ದಿನವೆಂದು ವಾರಗಳ ಮೊದಲೇ ಸಾರಿದ್ದರು. ಹತ್ತಾರು ಸಾವಿರ ಜನ ಬಂದರು. ಪ್ರಧಾನಿಯನ್ನು ಬಂಧಿಸಿ ಎಂದು ವೇದಿಕೆಯಿಂದ ಗೃಹ ಇಲಾಖೆಯ ಸಿಬ್ಬಂದಿಗೆ ಕರೆ ಕೊಡಲಾಯಿತು. ಒಂದು ಗುಂಪು ಅಧ್ಯಕ್ಷರ ಭವನದ ಬೇಲಿ ಮುರಿಯಿತು. ಪೊಲೀಸರು ಅಶ್ರುವಾಯು ಸಿಡಿಸಿ ಚದುರಿಸಿದರು. ಆ ರಾತ್ರಿಯೇ ಸಂಘಟಕರ ಬಂಧನವಾಯಿತು. ಪೊಲೀಸ್ ಸಾಲಿನಿಂದ ಯಾರೂ ಈಚೆ ಬರಲಿಲ್ಲ.

ಸಂಘಟಕರ ಧೈರ್ಯವನ್ನು ಪ್ರಶ್ನಿಸುವುದಿಲ್ಲ. ಆದರೆ ಪಡೆಗಳಲ್ಲಿ ಒಬ್ಬನೂ ಕದಲುವ ಸೂಚನೆ ಇಲ್ಲದಾಗ ದಿನಾಂಕ ಗೊತ್ತುಮಾಡಿ ಕ್ರಾಂತಿ ಘೋಷಿಸಿದ್ದು, ಹತ್ತು ತಿಂಗಳು ಶಾಂತವಾಗಿ ನಿಂತಿದ್ದ ಜನರಿಗೆ ಮಾಡಿದ ಅನ್ಯಾಯ. ಪ್ರಧಾನಿ ಅದನ್ನು ಅಧಿಕಾರ ಕಸಿಯುವ ಯತ್ನ ಎಂದರು. ಸರ್ಕಾರಕ್ಕೆ ಬೇಕಾಗಿದ್ದ ಸಾಕ್ಷಿ ಸಿಕ್ಕಿತು. ಎರಡು ವಾರದೊಳಗೆ ರಸ್ತೆ ತಡೆಗೆ ಸೆರೆವಾಸದ ಕಾನೂನು ಬಂದದ್ದು ಇದರ ಬೆನ್ನಿಗೇ.

ಅದೇ ತಿಂಗಳ ಕೊನೆಗೆ ಆಳುವ ಪಕ್ಷ ಮೂರು ಪ್ರಮುಖ ವಿರೋಧಿ ಶಕ್ತಿಗಳನ್ನು ಸಂವಿಧಾನಬಾಹಿರವೆಂದು ಘೋಷಿಸುವಂತೆ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗುವುದಾಗಿ ಪ್ರಕಟಿಸಿತು: ಸಾಕಾಷ್ವಿಲಿಯ ಯುನೈಟೆಡ್ ನ್ಯಾಷನಲ್ ಮೂವ್‌ಮೆಂಟ್, ಕೊಯಲಿಷನ್ ಫಾರ್ ಚೇಂಜ್ ಮತ್ತು ಲೆಲೊ. ನಿಷೇಧಿತ ಪಕ್ಷಗಳೊಂದಿಗೆ ನಂಟಿರುವವರು ಚುನಾವಣೆಗೆ ನಿಲ್ಲುವಂತಿಲ್ಲ, ಬೇರೆ ಪಕ್ಷ ಸೇರುವಂತಿಲ್ಲ ಎಂಬ ತಿದ್ದುಪಡಿಗೆ ಸಂಸತ್ತು ಅದಕ್ಕೂ ಮೊದಲೇ ಒಪ್ಪಿಗೆ ಕೊಟ್ಟಾಗಿತ್ತು. ಜಾರ್ಜಿಯಾದ ಮುಂದಿನ ಸಂಸತ್ ಚುನಾವಣೆ 2028ರಲ್ಲಿ. ಬೀದಿಯ ಮೇಲಷ್ಟೇ ಕಣ್ಣಿಟ್ಟು ಕ್ರಾಂತಿ ಬಂತೇ ಇಲ್ಲವೇ ಎಂದು ಕಾಯುವವರಿಗೆ ಈ ಅರ್ಜಿ ಕಾಣುವುದಿಲ್ಲ. ಆದರೆ 2028ರ ಮತಪತ್ರದಲ್ಲಿ ಯಾರ ಹೆಸರು ಇರಬೇಕು, ಯಾರದು ಇರಬಾರದು ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ತೀರ್ಮಾನಿಸುವವರು ಗಮ್ಸಖುರ್ದಿಯಾನಿಂದ ಇವಾನಿಷ್ವಿಲಿಯವರೆಗೆ ಯಾವ ಆಡಳಿತವೂ ಸ್ವತಂತ್ರವಾಗಲು ಬಿಡದ ನ್ಯಾಯಾಂಗದ ಒಂಬತ್ತು ನ್ಯಾಯಮೂರ್ತಿಗಳು.